ಎಂಡೋಸ್ಕೋಪಿಗೆ ಪೂರ್ತಿ ಮಲಗಿಸಬೇಕೇ?

ಪ್ರಶ್ನೆ: ನಮ್ಮ ಮಾವನವರಿಗೆ 67 ವರ್ಷ. ಕೆಲವು ವಾರಗಳಿಂದ ಅನ್ನ ನುಂಗುವಾಗ ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತದೆ. ಎಂಡೋಸ್ಕೋಪಿ (ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಮಾಡಿಸಲು ಹೇಳಿದ್ದಾರೆ. ಹಿಂದೊಮ್ಮೆ ಉಸಿರು ಕಟ್ಟಿದಂತಾಗಿ ಅರ್ಧಕ್ಕೇ ಎದ್ದು ಬಂದವರು ಈಗ ಒಪ್ಪುತ್ತಿಲ್ಲ. ಪೂರ್ತಿ ಮಲಗಿಸಿ ಮಾಡಿಸಬಹುದೇ? ಗೊರಕೆ ಜೋರು, ಕವಳದ (ಎಲೆ-ಅಡಿಕೆ) ಅಭ್ಯಾಸವೂ ಇದೆ.
– ಓದುಗರೊಬ್ಬರು, ಶಿರಸಿ

ಉತ್ತರ: ನುಂಗುವುದೇ ಕಷ್ಟವಾಗಿರುವಾಗ ಈ ಪರೀಕ್ಷೆಯನ್ನು ಮುಂದೂಡಬೇಡಿ. ಅವರ ಹೆದರಿಕೆಗೆ ದಾರಿಯಿದೆ.

ಕೊಳವೆ ಇಳಿಯುವುದು ಅನ್ನನಾಳಕ್ಕೆ, ಶ್ವಾಸನಾಳಕ್ಕಲ್ಲ. ಅದರ ದಪ್ಪ ಸುಮಾರು 9 ಮಿ.ಮೀ., ಕಿರುಬೆರಳಿಗಿಂತ ಸಪೂರ. ಗಂಟಲಿನ ಹಿಂಭಾಗಕ್ಕೆ ಏನು ತಾಗಿದರೂ ಓಕರಿಕೆ ಬರುತ್ತದೆ; ಅದನ್ನೇ ಉಸಿರು ಕಟ್ಟಿತೆಂದು ಭಾವಿಸಿ ಗಾಬರಿಯಾಗುತ್ತಾರೆ. ಇದಕ್ಕೆಂದೇ ಗಂಟಲು ಮರಗಟ್ಟಿಸುವ ಲಿಗ್ನೋಕೇನ್ ಸ್ಪ್ರೇ ಇದೆ. ಶೇ. 10ರ ಸ್ಪ್ರೇಯಲ್ಲಿ ಒಂದು ಒತ್ತಿಗೆ 10 ಮಿ.ಗ್ರಾಂ. ಮದ್ದು ಬರುತ್ತದೆ. ಕಹಿಯೆಂದು ತಕ್ಷಣ ಉಗುಳಿದರೆ, ಅಥವಾ ಹೊಡೆದ ಕೂಡಲೇ ಕೊಳವೆ ಹಾಕಿದರೆ ಪ್ರಯೋಜನವಿಲ್ಲ. ಮೂರರಿಂದ ಐದು ನಿಮಿಷ ಕಾಯಬೇಕು. ಗಂಟಲು ದಪ್ಪಗಾದಂತೆ, ನುಂಗಲು ಬಾರದಂತೆ ಅನ್ನಿಸಿದರೆ ಮದ್ದು ಹಿಡಿದಿದೆ ಎಂದೇ ಅರ್ಥ. ಇದನ್ನು ಮೊದಲೇ ತಿಳಿಸಿ, ಇಲ್ಲದಿದ್ದರೆ ಆಗಲೇ ಹೆದರುತ್ತಾರೆ.

ಇನ್ನು ಮಂಪರು. ಮಿಡಜೋಲಾಮ್ ಇಂಜೆಕ್ಷನ್ ಕೊಟ್ಟರೆ ಕರೆದಾಗ ಓಗೊಡುತ್ತಾರೆ, ಆಮೇಲೆ ಬಹುಮಟ್ಟಿಗೆ ನೆನಪಿರುವುದಿಲ್ಲ. 60 ದಾಟಿದವರಿಗೆ 0.5ರಿಂದ 1 ಮಿ.ಗ್ರಾಂ.ನಿಂದ ಶುರುಮಾಡಿ, ಕನಿಷ್ಠ ಎರಡು ನಿಮಿಷ ನೋಡಿಯೇ ಮತ್ತಷ್ಟು ಕೊಡುತ್ತಾರೆ. ಹೆಚ್ಚಾದರೆ ಇಳಿಸಲು ಫ್ಲುಮಜೆನಿಲ್ ಇದೆ. ನೀವು ಕೇಳಿದ 'ಪೂರ್ತಿ ಮಲಗಿಸುವುದು' ಸಾಮಾನ್ಯವಾಗಿ ಪ್ರೊಪೊಫಾಲ್. ಅದಕ್ಕೆ ಮರುಮದ್ದಿಲ್ಲ, ನಿಮಿಷಗಳಲ್ಲಿ ತಾನೇ ಇಳಿಯುತ್ತದೆ, ಆದರೆ ಅಷ್ಟರಲ್ಲಿ ಉಸಿರೂ ಬಿ.ಪಿ.ಯೂ ಕುಸಿಯಬಹುದು. ಜೋರು ಗೊರಕೆಯವರಲ್ಲಿ ನಿದ್ದೆ ಆಳವಾದಷ್ಟೂ ನಾಲಿಗೆ ಹಿಂದಕ್ಕೆ ಬಿದ್ದು ಗಾಳಿಯ ದಾರಿ ಮುಚ್ಚುತ್ತದೆ. ಹಾಗಾಗಿ ನನ್ನ ಸಲಹೆ: ಸ್ಪ್ರೇ ಜೊತೆ ಹಗುರ ಮಂಪರು, ಮೂಗಿಗೆ ಆಮ್ಲಜನಕ, ಬೆರಳಿಗೆ ಆಕ್ಸಿಮೀಟರ್. ಪ್ರೊಪೊಫಾಲ್ ಬೇಕೇ ಬೇಕೆಂದಾದರೆ ಅರಿವಳಿಕೆ ತಜ್ಞರು ಪಕ್ಕದಲ್ಲೇ ಇರುವಲ್ಲಿ ಮಾತ್ರ.

ಕವಳದ ವಿಷಯ ನಮ್ಮ ಜಿಲ್ಲೆಯಲ್ಲಿ ಸಣ್ಣದಲ್ಲ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆನ್ನೆಯ ಒಳಪದರ ಬಿಗಿದು ಬಾಯಿ ಪೂರ್ತಿ ತೆರೆಯದಿರಬಹುದು. ಕೊಳವೆಯನ್ನು ಕಚ್ಚದಂತೆ ಹಲ್ಲಿನ ನಡುವೆ ಬಳೆಯಂಥ ಪ್ಲಾಸ್ಟಿಕ್ ಇಡುತ್ತಾರೆ, ಅದಕ್ಕೆ ಜಾಗ ಬೇಕು. ಅವರದೇ ಮೂರು ಬೆರಳು ಒಟ್ಟಿಗೆ ನಿಲ್ಲಿಸಿ ಬಾಯಿಗೆ ಹಿಡಿಸುತ್ತವೆಯೇ ಎಂದು ಇವತ್ತೇ ನೋಡಿ. ಎರಡೂ ಹಿಡಿಸದಿದ್ದರೆ ಮುಂಚಿತವಾಗಿ ಹೇಳಿ. ಮೂಗಿನಿಂದ ಇಳಿಸುವ 5–6 ಮಿ.ಮೀ. ಕೊಳವೆ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಹಿಂದಿನ ರಾತ್ರಿಯಿಂದ ಕವಳ ಬೇಡ, ಹಲ್ಲಿನ ಸೆಟ್ಟಿದ್ದರೆ ತೆಗೆದಿಡಿ.

ಗಟ್ಟಿ ಆಹಾರ ಆರು ಗಂಟೆ ಮುಂಚೆ, ನೀರು ಎರಡು ಗಂಟೆ ಮುಂಚೆ ನಿಲ್ಲಬೇಕು. ಇವರಲ್ಲಿ ಅನ್ನ ಮೇಲೆಯೇ ತಂಗಿರಬಹುದು. ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿದರೆ ಅಪಾಯ. ಆದ್ದರಿಂದ ಹಿಂದಿನ ರಾತ್ರಿ ತೆಳು ಗಂಜಿ ಸಾಕು, ಇನ್ನೂ ಮುಂಚೆ ನಿಲ್ಲಿಸಬೇಕೇ ಎಂದೂ ಕೇಳಿ. ಬಿ.ಪಿ. ಮಾತ್ರೆ ಗುಟುಕು ನೀರಲ್ಲಿ ತೆಗೆದುಕೊಳ್ಳಬಹುದು. ಶುಗರ್ ಮಾತ್ರೆ, ಇನ್ಸುಲಿನ್, ರಕ್ತ ತೆಳುಮಾಡುವ ಮಾತ್ರೆಗಳ ಬಗ್ಗೆ ವೈದ್ಯರನ್ನೇ ಕೇಳಿ, ನೀವಾಗಿ ನಿಲ್ಲಿಸಬೇಡಿ.

ಮೇಜಿನ ಮೇಲೆ ಎಡ ಮಗ್ಗುಲು, ಗದ್ದ ಎದೆಯತ್ತ. ನುಂಗಿ ಎಂದಾಗ ಒಮ್ಮೆ ನುಂಗಬೇಕು, ಆಮೇಲೆ ನುಂಗಲೇಬಾರದು. ಜೊಲ್ಲು ಹೊರಗೆ ಹರಿಯಲಿ, ನಾಚಿಕೆ ಬೇಡ. ಮೂಗಿನಲ್ಲಿ ನಿಧಾನ ಉಸಿರು. ಗಾಳಿ ತುಂಬುವುದರಿಂದ ತೇಗು ಬರುತ್ತದೆ. ಐದು–ಹತ್ತು ನಿಮಿಷದ ಕೆಲಸ.

ಪ್ರಶ್ನೆ: ಕಾರವಾರದಲ್ಲಿ ಮಾಡಿಸಿಕೊಂಡು ಅದೇ ದಿನ ಬೈಕಿನಲ್ಲಿ ಮರಳಬಹುದೇ?
– ಓದುಗರೊಬ್ಬರು, ಅಂಕೋಲಾ

ಉತ್ತರ: ಬರೀ ಸ್ಪ್ರೇ ಆದರೆ ಬರಬಹುದು. ಗಂಟಲು ಮರಗಟ್ಟಿರುವ ಸುಮಾರು ಒಂದು ಗಂಟೆ ಏನೂ ಕುಡಿಯಬೇಡಿ, ಆಮೇಲೆ ಮೊದಲು ನೀರು ಗುಟುಕರಿಸಿ ನೋಡಿ. ಮಂಪರು ಕೊಟ್ಟಿದ್ದರೆ 24 ಗಂಟೆ ಬೈಕು, ದೋಣಿ, ಮರ ಹತ್ತುವುದು, ಬ್ಯಾಂಕಿನ ಕಾಗದಕ್ಕೆ ಸಹಿ ಎಲ್ಲವೂ ಬೇಡ. ಹಿಂದಿನ ಸೀಟೂ ಬೇಡ, ತೂಕಡಿಸಿ ಬೀಳುತ್ತೀರಿ. ಜೊತೆಗೊಬ್ಬರನ್ನು ಕರೆದೊಯ್ದು ಬಸ್ಸಿನಲ್ಲೋ ಕಾರಿನಲ್ಲೋ ಬನ್ನಿ. ಮನೆಗೆ ಬಂದ ಮೇಲೆ ತೀವ್ರ ಎದೆನೋವು, ಜ್ವರ, ಕುತ್ತಿಗೆಯ ಬಾವು, ರಕ್ತದ ವಾಂತಿ ಅಥವಾ ಡಾಂಬರಿನಂಥ ಕಪ್ಪು ಮಲ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಿ.