ರೆಡ್ ಹ್ಯಾಟ್‌ಗೆ ದುಡ್ಡು ಕೊಡಬೇಕೇ, ಉಚಿತ ಲಿನಕ್ಸ್ ಸಾಕೇ?
ನಿಮ್ಮ ಸಣ್ಣ ಕಂಪನಿಯ ಸರ್ವರ್‌ಗಳಿಗೆ ರೆಡ್ ಹ್ಯಾಟ್ (ಲಿನಕ್ಸ್ ಆಪರೇಟಿಂಗ್ ಸಿಸ್ಟಮನ್ನು ಬೆಂಬಲದೊಂದಿಗೆ ಮಾರುವ ಕಂಪನಿ) ಸಬ್‌ಸ್ಕ್ರಿಪ್ಷನ್ ತೆಗೆದುಕೊಳ್ಳಬೇಕೇ, ಹೆಚ್ಚುಕಡಿಮೆ ಅದೇ ಲಿನಕ್ಸ್ ಬಿಟ್ಟಿಯಾಗಿ ಸಿಗುವಾಗ ದುಡ್ಡು ಯಾಕೆ ಎಂದು ಕೇಳಿದ್ದೀರಿ. ಸರ್ವರ್ ನೋಡಿಕೊಳ್ಳುವುದೇ ನನ್ನ ಕಸುಬು. ನನ್ನ ಪ್ರಕಾರ ಆ ದುಡ್ಡು ಹೋಗುವುದು ಹಳೆಯ ಆವೃತ್ತಿಯನ್ನು ವರ್ಷಗಟ್ಟಲೆ ಕಾಪಾಡುವವರ ಸಂಬಳಕ್ಕೆ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8 ತೆಗೆದುಕೊಳ್ಳಿ. ಅದು ಬಂದದ್ದು 2019ರ ಮೇ ತಿಂಗಳಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್‌ನ 4.18 ಆವೃತ್ತಿಯ ಮೇಲೆ. ಕರ್ನಲ್‌ನ ಮೂಲ ತಂಡ ಆ 4.18ಕ್ಕೆ ಪ್ಯಾಚ್ (ದೋಷ ಸರಿಪಡಿಸುವ ತಿದ್ದುಪಡಿ) ಕೊಡುವುದನ್ನು 2018ರಲ್ಲೇ ನಿಲ್ಲಿಸಿತ್ತು. ಆದರೂ ರೆಡ್ ಹ್ಯಾಟ್ ಎಂಜಿನಿಯರುಗಳು ಹೊಸ ಕರ್ನಲ್‌ಗಳಲ್ಲಿ ಬಂದ ಭದ್ರತಾ ತಿದ್ದುಪಡಿಗಳನ್ನು ಆರಿಸಿ, ಹಳೆಯ ಕೋಡಿಗೆ ಒಗ್ಗುವಂತೆ ಬದಲಿಸಿ, 2029ರವರೆಗೆ ಸೇರಿಸುತ್ತಲೇ ಇರಬೇಕು. ಅದರ ಮೇಲೆ ಓಡುವ ನಿಮ್ಮ ಅಪ್ಲಿಕೇಷನ್‌ಗೆ ಇದು ಗೊತ್ತೇ ಆಗಬಾರದು. ಬಹಳ ತಾಳ್ಮೆ ಬೇಡುವ, ಯಾರೂ ಹೊಗಳದ ಕೆಲಸವಿದು. ಇದಕ್ಕೆ ಕಾಸು ಕೇಳುವುದು ನ್ಯಾಯವೆಂದೇ ನಾನು ನಂಬುತ್ತೇನೆ.

ಇನ್ನು ಕೆಲವೆಡೆ ಆಯ್ಕೆಯೇ ಇರುವುದಿಲ್ಲ. ಎಸ್‌ಎಪಿ ಹಾನಾ ಎಂಬ ಡೇಟಾಬೇಸ್ ಹಾಕುವವರಿಗೆ ಅಧಿಕೃತ ಬೆಂಬಲ ಸಿಗುವುದು ರೆಡ್ ಹ್ಯಾಟ್ ಅಥವಾ ಸೂಸೆ ಎಂಬ ಇನ್ನೊಂದು ಕಂಪನಿಯ ಲಿನಕ್ಸ್ ಮೇಲೆ ಮಾತ್ರ.

ಉಚಿತದ ಕಡೆಗೆ ಬಂದರೆ, ಬೆಲೆಗಿಂತ ಮೊದಲು ಕೇಳಬೇಕಾದದ್ದು ಅದು ಯಾರ ಕೈಯಲ್ಲಿದೆ ಎಂಬುದು. ರೆಡ್ ಹ್ಯಾಟ್‌ನ ಕೋಡಿನಿಂದಲೇ ಕಟ್ಟಿದ, ಅದರ ಕೈಯಲ್ಲೇ ಇದ್ದ ಉಚಿತ ಲಿನಕ್ಸ್ ಆದ ಸೆಂಟ್‌ಓಎಸ್ 8ಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆಂದು ನೆಚ್ಚಿಕೊಂಡವರು ಬಹಳ ಮಂದಿ. 2020ರ ಡಿಸೆಂಬರ್‌ನಲ್ಲಿ ಪ್ರಕಟಣೆ ಬಂತು: 2021ರ ಕೊನೆಗೇ ಮುಗಿಯುತ್ತದೆ. ಒಂದೇ ವರ್ಷದಲ್ಲಿ ಎಲ್ಲರೂ ಸ್ಥಳಾಂತರಗೊಳ್ಳಬೇಕಾಯಿತು. ಆ ತೆರವಿನಲ್ಲಿ, ರೆಡ್ ಹ್ಯಾಟ್‌ನ ಕೋಡನ್ನೇ ನೆಚ್ಚಿಕೊಂಡ ಆಲ್ಮಾಲಿನಕ್ಸ್, ರಾಕಿ ಲಿನಕ್ಸ್ ಹುಟ್ಟಿದವು. ಎರಡೂ ಚೆನ್ನಾಗಿವೆ. ಆದರೆ 2023ರಲ್ಲಿ ರೆಡ್ ಹ್ಯಾಟ್ ತನ್ನ ಆವೃತ್ತಿಯ ಸೋರ್ಸ್ ಕೋಡನ್ನು ಸಾರ್ವಜನಿಕವಾಗಿ ಇಡುವುದನ್ನು ನಿಲ್ಲಿಸಿದಾಗ, ಆ ಎರಡೂ ತಂಡಗಳು ತಮ್ಮ ದಾರಿಯನ್ನು ಹೊಸದಾಗಿ ಹುಡುಕಿಕೊಳ್ಳಬೇಕಾಯಿತು.

ಹೀಗಾಗಿ ಉಚಿತವೇ ಬೇಕೆಂದರೆ ನನ್ನ ಮೊದಲ ಆಯ್ಕೆ ಡೆಬಿಯನ್. 1993ರಿಂದ ಸ್ವಯಂಸೇವಕರು ನಡೆಸುತ್ತಿರುವ ಯೋಜನೆ, ಯಾವ ಕಂಪನಿಯೂ ಅದರ ಒಡೆಯನಲ್ಲ. ಎಲ್‌ಟಿಎಸ್ (ದೀರ್ಘಾವಧಿ ಬೆಂಬಲ) ಸೇರಿ ಒಂದೊಂದು ಆವೃತ್ತಿಗೂ ಸುಮಾರು ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ. ರೆಡ್ ಹ್ಯಾಟ್‌ನಂತೆ ಹತ್ತು ವರ್ಷವಲ್ಲ, ಅದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ನಿಮ್ಮ ಡೇಟಾಬೇಸ್, ಅಕೌಂಟಿಂಗ್ ಸಾಫ್ಟ್‌ವೇರ್ ಯಾವ ಆಪರೇಟಿಂಗ್ ಸಿಸ್ಟಮ್ ಮೇಲೆ ಬೆಂಬಲ ಕೊಡುತ್ತವೆ ಎಂದು ಅವುಗಳ ಮಾರಾಟಗಾರರಿಂದ ಲಿಖಿತವಾಗಿ ಕೇಳಿ. ರೆಡ್ ಹ್ಯಾಟ್ ಎಂದರೆ ಕೊಂಡುಬಿಡಿ. ಅಂಥ ಕಟ್ಟುಪಾಡಿಲ್ಲದೆ, ಪ್ಯಾಚ್ ಹಾಕಿ ಲಾಗ್ ಓದಿ ಅರ್ಥಮಾಡಿಕೊಳ್ಳಬಲ್ಲವರು ನಿಮ್ಮಲ್ಲೊಬ್ಬರಿದ್ದರೆ, ಡೆಬಿಯನ್ ಹಾಕಿ, ಉಳಿದ ದುಡ್ಡಲ್ಲಿ ಬ್ಯಾಕಪ್‌ಗೆಂದೇ ಇನ್ನೊಂದು ಯಂತ್ರ ಇಡಿ.