ಹಾರ್ಡ್ನರ್ ಹಾಕಿದರೂ ಪೈಂಟ್ ಸುಕ್ಕಾದದ್ದೇಕೆ?

ಪ್ರಶ್ನೆ: ಟಿಲ್ಲರಿನ ಬಾನೆಟ್ಟಿಗೂ ಅಡಿಕೆಗೆ ಮದ್ದು ಬಿಡುವ ಪಂಪಿನ ಫ್ರೇಮಿಗೂ ಜುಲೈಯಲ್ಲಿ, ಮಳೆ ಬಿಟ್ಟ ದಿನ ನೋಡಿ ಎನಾಮಲ್ ಸ್ಪ್ರೇ ಮಾಡಿದೆ. ಹಾರ್ಡ್ನರ್ ಅಂದಾಜಿನಲ್ಲಿ ಹಾಕಿದ್ದೆ. ಮರುದಿನ ಪಿಯು (ಪಾಲಿಯುರೆಥೇನ್) ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಕೋಟ್ ಹೊಡೆದಾಗ ಬಾನೆಟ್ ಸುಕ್ಕಾಯಿತು, ಫ್ರೇಮಿನಲ್ಲಿ ಬಿಳಿ ಮಸುಕು ಬಂತು. ಪೆಟ್ರೋಲ್ ಬಿದ್ದಲ್ಲಿ ಬಣ್ಣ ಈಗಲೂ ಮೆತ್ತಗಾಗುತ್ತದೆ. ಏನು ಮಾಡಲಿ?
– ಓದುಗರು, ಬದಿಯಡ್ಕ

ಉತ್ತರ: ತಪ್ಪು ಮೂರು ಕಡೆ ಆಗಿದೆ. ಮೊದಲನೆಯದು ಅಂದಾಜು. ಹಾರ್ಡ್ನರ್ ಎಂದರೆ ಬೇಗ ಒಣಗಿಸುವ ಡ್ರೈಯರ್ ಅಲ್ಲ. ಡ್ರೈಯರ್ ಹಾಕಿದರೂ ಎನಾಮಲ್ ಗಾಳಿಯ ಆಮ್ಲಜನಕದಿಂದಲೇ ಗಟ್ಟಿಯಾಗಬೇಕು, ಅದಕ್ಕೆ ವಾರಗಳೇ ಹಿಡಿಯುತ್ತವೆ. ಹಾರ್ಡ್ನರ್ ಬಣ್ಣದ ಜೊತೆ ಕೂಡಿ ಪದರದ ಭಾಗವೇ ಆಗುತ್ತದೆ. ಕಡಿಮೆಯಾದರೆ ಪೆಟ್ರೋಲಿಗೆ ಕರಗುವ ಮೆತ್ತನೆ ಬಣ್ಣ, ಹೆಚ್ಚಾದರೆ ಕಲ್ಲು ತಾಗಿದಲ್ಲಿ ಚೂರು ಏಳುವ ಬಣ್ಣ. ಅಡಿಕೆಗೆ ಬಿಡುವ ಬೋರ್ಡೋ ಮದ್ದಿಗೆ ಮೈಲುತುತ್ತು, ಸುಣ್ಣ ಎರಡನ್ನೂ ತೂಗಿ ಹಾಕಿ, ಮೇಲೆ ಚಾಕು ಅದ್ದಿ ಪರೀಕ್ಷೆ ಮಾಡುವವರು ಇಲ್ಲಿ ಮಾತ್ರ ಕಣ್ಣಳತೆ ನಂಬುವುದು ವಿಚಿತ್ರ! ಡಬ್ಬದಲ್ಲಿ 4:1 ಎಂದಿದ್ದರೆ 400 ಮಿ.ಲೀ. ಬಣ್ಣಕ್ಕೆ 100 ಮಿ.ಲೀ. ಹಾರ್ಡ್ನರ್. ಥಿನ್ನರ್ ಶೇಕಡಾ 10 ಎಂದಿದ್ದರೆ ಈ 500ಕ್ಕೆ ಇನ್ನೊಂದು 50. ಅನುಪಾತ ಬ್ರ್ಯಾಂಡಿಗೊಂದು, ಬೇರೆ ಕಂಪೆನಿಯ ಹಾರ್ಡ್ನರ್ ಬೆರೆಸಬೇಡಿ. ಕಲಸಿದ್ದು ಕೆಲವೇ ಗಂಟೆಗಳಲ್ಲಿ ದಪ್ಪವಾಗುತ್ತದೆ. ಆಗ ಥಿನ್ನರ್ ಹೊಯ್ದರೂ ಅದು ಮೊದಲಿನಂತಾಗದು.

ಸುಕ್ಕಿಗೆ ಕಾರಣ ಕ್ಲಿಯರಿನ ಥಿನ್ನರ್. ಮೇಲೆ ಒಣಗಿ ಒಳಗೆ ಹಸಿಯಿದ್ದ ಎನಾಮಲನ್ನು ಅದು ಉಬ್ಬಿಸಿತು. ಮುಂದಿನ ಕೋಟನ್ನು ಡಬ್ಬದಲ್ಲಿ ಹೇಳಿದ ಗಂಟೆಗಳೊಳಗೆ ಕೊಡಬೇಕು, ಇಲ್ಲವೇ ಪೂರ್ತಿ ಗಟ್ಟಿಯಾದ ಮೇಲೆ ಉಜ್ಜಿ ಕೊಡಬೇಕು. ನೀವು ಕೊಟ್ಟದ್ದು ಎರಡರ ನಡುವೆ.

ಬಿಳಿ ಮಸುಕು ಆಟಿ ತಿಂಗಳ ಮಳೆಗಾಲದ ತೇವದ್ದು. ಥಿನ್ನರ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅದರ ಮೇಲೆ ಕೂರುತ್ತದೆ. ಸಾಲದ್ದಕ್ಕೆ ಪಿಯು ಹಾರ್ಡ್ನರ್ ನೀರಿನೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಸೂಜಿಮೊನೆಯಷ್ಟು ಗುಳ್ಳೆಗಳಿದ್ದರೆ ಅದು ಇದರದ್ದು. ಕಂಪ್ರೆಸರಿನ ಟ್ಯಾಂಕಿನ ನೀರು ಬಸಿದು, ಪೈಪಿಗೆ ನೀರು ತಡೆಯುವ ಫಿಲ್ಟರ್ ಹಾಕಿ. ಹಾರ್ಡ್ನರ್ ಡಬ್ಬ ತೆರೆದಿಟ್ಟು ಮಸುಕಾಗಿದ್ದರೆ, ಗಂಟಾಗಿದ್ದರೆ ಅದನ್ನು ಬಳಸಬೇಡಿ.

ಈಗ ಸುಕ್ಕಾದದ್ದರ ಮೇಲೆ ಪುಟ್ಟಿ ಹಚ್ಚಿ ಪ್ರಯೋಜನವಿಲ್ಲ, ಅದನ್ನು ಕೆರೆದೇ ತೆಗೆಯಬೇಕು. ಉಳಿದ ಕಡೆ ಪಿಯು ಥಿನ್ನರಿನಲ್ಲಿ ಅದ್ದಿದ ಬಟ್ಟೆ ಒತ್ತಿ ನೋಡಿ. ಬಣ್ಣ ಎದ್ದರೆ ಅಲ್ಲಿಯೂ ಕಬ್ಬಿಣದವರೆಗೆ ಕೆರೆದು ತೆಗೆಯಬೇಕು. ಮತ್ತೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಎರಡು ಕೋಟ್ ಪಿಯು ಬಣ್ಣ, ಆ ಎರಡು ಕೋಟ್‌ಗಳ ನಡುವೆ 10–15 ನಿಮಿಷ ಬಿಡುವು. ಅಕ್ಟೋಬರ್–ನವೆಂಬರಿನ ತುಲಾಮಳೆ ಮುಗಿಯಲಿ, ಡಿಸೆಂಬರಿನಲ್ಲಿ ಮಂಜು ಆರಿದ ಮೇಲೆ ಹೊಡೆಯಿರಿ.

ಕ್ಲಿಯರ್ ಬೇಡ. ಲೋಹದಂತೆ ಮಿನುಗುವ ಮೆಟಾಲಿಕ್ ಬೇಸ್ ಕೋಟಿಗೆ ಅದು ಬೇಕೇ ಬೇಕು, ಅದಿಲ್ಲದೆ ಹೊಳಪೂ ಇಲ್ಲ, ರಕ್ಷಣೆಯೂ ಇಲ್ಲ. ಆದರೆ ಹಾರ್ಡ್ನರ್ ಕೂಡಿದ ಸಾದಾ ಕೆಂಪಿಗೆ ಹೊಳಪು ತಾನಾಗಿ ಬರುತ್ತದೆ. ತೋಟದ ಯಂತ್ರಕ್ಕೆ ಗೀರು ಬೀಳುವುದು ತಪ್ಪದು. ಕ್ಲಿಯರ್ ಇದ್ದರೆ ಟಚ್-ಅಪ್ ಮಾಡಿದ ಅಂಚು ಎದ್ದು ಕಾಣುತ್ತದೆ.

ಸ್ಪ್ರೇ ಮಾಡುವಾಗ ಮುಖಕ್ಕೆ ಬೈರಾಸು (ಟವೆಲ್) ಸಾಲದು. ಹಾರ್ಡ್ನರಿನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಆಸ್ತಮಾ ತರಬಲ್ಲದು, ಅಪಾಯದ ಮಟ್ಟ ತಲಪಿದರೂ ಮೂಗಿಗೆ ಗೊತ್ತಾಗುವುದಿಲ್ಲ. ಹೊರಗಿನ ಶುದ್ಧ ಗಾಳಿ ಬರುವ ಮಾಸ್ಕೇ ಸರಿ. ಅದಿಲ್ಲದಿದ್ದರೆ ಈ ಕೆಲಸವನ್ನು ಸ್ಪ್ರೇ ಬೂತ್ ಇರುವ ವರ್ಕ್‌ಶಾಪಿಗೆ ಕೊಡಿ.

ಹೊಡೆದು ಏಳು ದಿನ ಬಿಟ್ಟು, ಕಾಣದ ಮೂಲೆಯಲ್ಲಿ ಪೆಟ್ರೋಲ್ ಬಟ್ಟೆ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತದಿದ್ದರೆ ಟ್ಯಾಂಕ್ ತುಂಬಿಸಬಹುದು.