ಕಂಪನಿ ಯಾವ್ದಾದ್ರೂ ಆಗ್ಲಿ, ಪ್ಯಾಕೆಟ್ ಮಾತ್ರ ಬಿಚ್ಚಬೇಡಿ

ಸಕಲೇಶಪುರದಲ್ಲಿ ಡಿಟಿಪಿ ಅಂಗಡಿ ಹಾಕ್ತಿದೀನಿ, ಲೇಸರ್ ಪ್ರಿಂಟರಿಗೆ ಕಾರ್ಡ್ ಪೇಪರ್ ಯಾವ ಕಂಪನಿದು ಒಳ್ಳೇದು, ಮಳೆಗಾಲಕ್ಕೆ ಮುಂಚೆ ಒಟ್ಟಿಗೆ ತಂದಿಟ್ರೆ ಲಾಭನಾ ಅಂತ ಕೇಳಿದೀರಲ್ಲ, ಇದೇ ಲೆಕ್ಕ ಹಾಕ್ಕೊಂಡು ನಾನೂ ಮೂಡಿಗೆರೇಲಿ ಅಂಗಡಿ ತೆಗೆದ ಮೊದಲನೇ ವರ್ಷ ಮೇ ಕೊನೇಲಿ ಬೆಂಗಳೂರಿಗೆ ಹೋಗಿ ಸುಲ್ತಾನ್‌ಪೇಟೆಯಿಂದ 250 ಜಿಎಸ್ಎಂ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ) ಬೋರ್ಡು, 170ರ ಆರ್ಟ್ ಪೇಪರು ಹೇರ್ಕೊಂಡು ಬಂದಿದ್ದೆ. ಪೇಪರಲ್ಲಿ ಒಂಚೂರೂ ತಪ್ಪಿರಲಿಲ್ಲ.

ತಪ್ಪು ಮಾಡಿದ್ದು ನಾನು. ಗಿರಾಕಿಗೆ ಮುಟ್ಟಿ ನೋಡೋಕೆ ಸಿಗ್ಲಿ, ಅಂಗಡಿ ನೀಟಾಗಿ ಕಾಣ್ಲಿ ಅಂತ ಎಲ್ಲಾ ಪ್ಯಾಕೆಟ್ಟಿನ ಕವರ್ ಹರಿದು ರ‍್ಯಾಕಲ್ಲಿ ಜೋಡಿಸ್ದೆ. ಆ ಕವರ್ ಬರೀ ಶೋಕಿಗಲ್ಲ ಸ್ವಾಮಿ, ಒಳಗಡೆ ತೇವ ತಡೆಯೋ ಪದರ ಇರುತ್ತೆ, ಪೇಪರನ್ನ ಕಾಯೋದೇ ಅದು. ಪೇಪರಿಗೆ ಗಾಳೀಲಿ 45-55 ಪರ್ಸೆಂಟ್ ತೇವ ಇದ್ರೆ ಸರಿ, ನಮ್ಮಲ್ಲಿ ಜುಲೈನಲ್ಲಿ 90 ದಾಟುತ್ತೆ. ಶ್ರಾವಣಕ್ಕೆ 300 ಗೃಹಪ್ರವೇಶದ ಕಾರ್ಡು ಆರ್ಡರ್ ಬಂತು, ಪ್ರಿಂಟ್ ಕೊಟ್ರೆ ಒಂದೊಂದೂ ಹಪ್ಪಳದ ಥರ ಸುರುಳಿ, ಬೆರಳಲ್ಲಿ ಉಜ್ಜಿದ್ರೆ ಗಣಪತಿನೇ ಕೈಗೆ ಬರೋನು. ಟೋನರ್ ಡೂಪ್ಲಿಕೇಟ್ ಇರ್ಬೇಕು ಅಂತ ಬದಲಾಯಿಸ್ದೆ, ಟೋನರನ್ನ ಪೇಪರಿಗೆ ದಾಟಿಸೋ ಉರುಳೆ, ಅದೇ ಡ್ರಮ್ಮು, ಅದನ್ನೂ ಬದಲಾಯಿಸ್ದೆ, ದುಡ್ಡು ಹೋಯ್ತು. ಕೊನೆಗೆ ಮೆಕ್ಯಾನಿಕ್ ಬಂದು ಮಿಷನ್ ಬಾಗಿಲೂ ತೆಗೀದೆ ಪೇಪರ್ ಕಿವಿ ಹತ್ರ ಅಲ್ಲಾಡಿಸಿ 'ಸದ್ದೇ ಇಲ್ವಲ್ಲ ಸಾರ್, ಪಸೆ ಎಳ್ದಿದೆ' ಅಂದ.

ಟೋನರ್ ಅಂದ್ರೆ ಇಂಕಲ್ಲ, ಪ್ಲಾಸ್ಟಿಕ್ ಪುಡಿ. ಡ್ರಮ್ಮಿಂದ ಅದನ್ನ ಪೇಪರ್ ಎಳ್ಕೊಳ್ಳೋದು ಚಾರ್ಜಿನ ಬಲದಲ್ಲಿ, ಒದ್ದೆ ಪೇಪರಲ್ಲಿ ಆ ಚಾರ್ಜ್ ನಿಲ್ಲಲ್ಲ. ಆಮೇಲೆ ಫ್ಯೂಸರ್ ಅನ್ನೋ ಬಿಸಿ ರೋಲರ್ 200 ಡಿಗ್ರಿ ಹತ್ರ ಕಾದು ಪುಡಿ ಕರಗಿಸ್ಬೇಕು, ಆ ಕಾವಲ್ಲಿ ಒಂದಷ್ಟು ಪೇಪರಲ್ಲಿರೋ ನೀರನ್ನ ಆವಿ ಮಾಡೋಕೇ ಖರ್ಚು. ಒಣಗಿಸೋಣ ಅಂತ ಒಲೆ ಮೇಲಿನ ಅಟ್ಟದಲ್ಲಿಟ್ಟೆ ನೋಡಿ, ಅಂಚು ಒಣಗಿ ನಡುವೆ ಹಸಿ, ಅಲೆ ಅಲೆ ಆಗಿ ಎರಡು ಹಾಳೆಗೊಂದು ಜಾಮು. ಅಪ್ಪ ಬಾಗಿಲಲ್ಲಿ ನಿಂತು 'ಒಣಗಿದ ಕಾಫಿ ಚೀಲದ ಬಾಯಿ ಮಳೇಲಿ ಯಾರಾದ್ರೂ ಬಿಚ್ಚಿಡ್ತಾರೇನೋ' ಅಂದ್ರು, ಉತ್ತರ ಇರಲಿಲ್ಲ. ಕಾರ್ಡನ್ನ ಚಿಕ್ಕಮಗಳೂರಲ್ಲಿ ನನ್ನ ಕೈಯಿಂದ್ಲೇ ದುಡ್ಡು ಕೊಟ್ಟು ಆಫ್‌ಸೆಟ್ ಪ್ರೆಸ್ಸಲ್ಲಿ ಪ್ರಿಂಟ್ ಮಾಡಿಸ್ದೆ.

ಅದಕ್ಕೇ ಹೇಳೋದು, ಕಂಪನಿ ಹುಡುಕಬೇಡಿ. ನಿಮ್ಮ ಪ್ರಿಂಟರ್ ಎಷ್ಟು ಜಿಎಸ್ಎಂ ತಡ್ಕೊಳ್ಳುತ್ತೆ ನೋಡಿ, ಸಣ್ಣ ಆಫೀಸ್ ಮಿಷನ್ ಎಷ್ಟೋ 163ಕ್ಕೇ ನಿಲ್ತವೆ. ದಪ್ಪದ್ದನ್ನ ಬೈಪಾಸ್ ಟ್ರೇನಲ್ಲಿ (ಕೈಯಿಂದ ಹಾಳೆ ಕೊಡೋ ಟ್ರೇ) ಕೊಡಿ, ಮಿಷನ್ನಿಗೆ ಹಿಂದಿನ ಬಾಗಿಲಿದ್ರೆ ತೆಗೆದಿಡಿ, ಸೆಟ್ಟಿಂಗಲ್ಲಿ ಕಾರ್ಡ್‌ಸ್ಟಾಕ್ ಹಾಕಿ, ಆಗ ನಿಧಾನಕ್ಕೆ ಎಳ್ದು ಪುಡಿಯನ್ನ ಚೆನ್ನಾಗಿ ಕರಗಿಸುತ್ತೆ. ಇಂಕ್‌ಜೆಟ್ ಫೋಟೋ ಪೇಪರ್ ಮಾತ್ರ ಹಾಕಲೇಬೇಡಿ, ಮೇಲಿನ ಲೇಪ ಕರಗಿ ಫ್ಯೂಸರಿಗೆ ಅಂಟ್ಕೊಂಡ್ರೆ ಹೊಸ ಪ್ರಿಂಟರಿನ ಅರ್ಧ ರೇಟು ಹೋಯ್ತು ಅಂತ್ಲೇ. ಚಿನ್ನದ ಫಾಯಿಲ್ ಇರೋ ರೆಡಿ ಕಾರ್ಡೂ ಅಷ್ಟೇ.

ಜೂನಿಂದ ಸೆಪ್ಟೆಂಬರ್ ತನಕ ಸ್ಟಾಕ್ ಬೇಡ್ವೇ ಬೇಡ, ಹದಿನೈದು ದಿನಕ್ಕೆ ಬೇಕಾದಷ್ಟೇ ತನ್ನಿ. ಕವರ್ ಬಿಚ್ಚದೇ ಮಲಗಿಸಿಡಿ, ಕೆಳಗೊಂದು ಹಲಗೆ ಇರ್ಲಿ, ಗೋಡೆಗೆ ತಾಗಿಸ್ಬೇಡಿ. ಬಿಚ್ಚಿದ್ದು ಉಳಿದ್ರೆ ಮುಚ್ಚಳ ಗಟ್ಟಿ ಇರೋ ಪ್ಲಾಸ್ಟಿಕ್ ಡಬ್ಬಿ, ಟ್ರೇನಲ್ಲೂ ರಾತ್ರಿ ಬಿಟ್ಟು ಹೋಗ್ಬೇಡಿ. ರೇಟ್ ಕಮ್ಮಿಗೆ ರೀಮ್‌ಗಟ್ಲೆ ತರ್ಲೇಬೇಕು ಅಂದ್ರೆ ಜನವರೀಲಿ ತನ್ನಿ, ಕಣದಲ್ಲಿ ಕಾಫಿ ಒಣಗೋ ಹೊತ್ತಿಗೆ.